ಮಂಡಿ ನೋವಿನ ಯಂತ್ರ

ರೋಗಗಳಲ್ಲಿ ಮರ್ಯಾದಸ್ಥ ರೋಗ, ಮಾನಗೆಟ್ಟ ರೋಗ ಅಂತ ಎರಡು ಜಾತಿ. ಇದನ್ನು ಯಾವ ಡಾಕ್ಟರೂ ಹೇಳಿಕೊಡುವುದಿಲ್ಲ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತವರಿಗೆ ತಾನಾಗಿ ತಿಳಿಯುತ್ತದೆ. ಬಿ.ಪಿ. ಮರ್ಯಾದಸ್ಥ ರೋಗ. ಸಕ್ಕರೆ ಕಾಯಿಲೆ ಅದಕ್ಕಿಂತ ಒಂದು ಕೈ ಮೇಲು. ಜಿಲೇಬಿ ಬಡಿಸುವವನನ್ನು ತಡೆದು 'ನಂಗೆ ಶುಗರ್ ಇದೆಯಪ್ಪಾ' ಅನ್ನುವವರ ದನಿಯಲ್ಲಿ ಹೊಸದಾಗಿ ಸೈಟು ಕೊಂಡವರ ಗತ್ತಿರುತ್ತದೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರ ಮುಂದಂತೂ ಬಾಕಿಯವರು ಬಾಯಿ ತೆರೆಯುವ ಹಾಗಿಲ್ಲ. ಮಂಡಿ ನೋವು ಬಡವರ, ಸಾಹುಕಾರರ, ಎಲ್ಲರ ಮನೆಯ ಮಗು. ಅದನ್ನು ಯಾರು ಬೇಕಾದರೂ ಎತ್ತಿ ಆಡಿಸಬಹುದು. ನನ್ನ ಪಾಲಿಗೆ ಬಂದದ್ದು ಮಾತ್ರ ಪಂಕ್ತಿಯಲ್ಲಿ ಹೇಳಲಾಗದ ರೋಗ. ನನ್ನ ನಂಟರು ಯಾರೂ ಕನ್ನಡ ಪುಸ್ತಕ ಓದುವವರಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಹೇಳಿಬಿಡುತ್ತೇನೆ. ನಾನು ಪದೇ ಪದೇ ಒಂದಕ್ಕೆ ಹೋಗಬೇಕು. ಹೋಗಬೇಕು ಅನ್ನಿಸಿದರೆ ಆಗಲೇ ಹೋಗಬೇಕು. 'ಈ ಲೆಕ್ಕ ಮುಗಿಸಿ ಹೋಗುತ್ತೇನೆ' ಅನ್ನುವಂತಿಲ್ಲ.

ಲೆಕ್ಕ ಅಂದೆ, ಯಾಕೆಂದರೆ ನಾನು ಕ್ರೋಂಪೇಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವಳು. ಮದುವೆಯಾಗಿ ಮಂಡ್ಯದಿಂದ ಮದರಾಸಿಗೆ ಬಂದೆ. ಊರಿನ ಹೆಸರು ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಬೋರ್ಡಿನ ಮೇಲೆ ಅರ್ಧ ಸಮೀಕರಣ ಬಿಟ್ಟು ನಾನು ಹೊರಗೆ ಓಡಿದ್ದನ್ನು ಮಕ್ಕಳು ಬಹಳ ಕಾಲ ನನ್ನ ಪಾಠದ ವಿಧಾನ ಅಂತಲೇ ತಿಳಿದಿದ್ದರು. ಬೆಳಗ್ಗೆ ಬೀದಿಗೆ ನೀರಿನ ಲಾರಿ ಬಂದು ಕೊಡಗಳಿಗೆ ಸುರಿಯುವ ಸದ್ದು ಕೇಳಿದರೆ ನನಗೆ ಓಡಬೇಕು. ಮನೆಯ ಬೀಗಕ್ಕೆ ಕೀಲಿ ತೂರಿಸಿದ ಕೂಡಲೇ ಓಡಬೇಕು; ಅಲ್ಲಿಯ ತನಕ ಸುಮ್ಮನಿದ್ದದ್ದಕ್ಕೆ ಬಾಗಿಲು ಕಂಡೊಡನೆ ಹಾಹಾಕಾರ. ಪೇಟೆಗೆ ಹೋದರೆ ಇನ್ನೊಂದು ಫಜೀತಿ. ಹೋಟೆಲಿನೊಳಗೆ ಸುಮ್ಮನೆ ನುಗ್ಗಿ ಹಿಂದಕ್ಕೆ ಹೋಗಲು ಸಂಕೋಚ, ಹಾಗಾಗಿ ಮರ್ಯಾದೆಗೆ ಒಂದು ಕಾಫಿ ಕುಡಿಯಬೇಕು. ಆ ಕಾಫಿ ಮುಂದಿನ ಹೋಟೆಲಿನವರೆಗೆ ತಲುಪಿಸುತ್ತದೆ. ಹೀಗೆ ಕಾಫಿಯಿಂದ ಕಾಫಿಗೆ ನಾನು ಚೆನ್ನೈ ದಾಟುತ್ತೇನೆ.

ನಮ್ಮ ಯಜಮಾನರಿಗೆ ಇದು ಅರ್ಥವಾಗುವುದಿಲ್ಲ. 'ಮನಸ್ಸು ಗಟ್ಟಿ ಮಾಡ್ಕೊ' ಅನ್ನುತ್ತಾರೆ. ಅವರ ಮನಸ್ಸು ಎಷ್ಟು ಗಟ್ಟಿ ಅನ್ನುವುದು ನನಗೆ ಗೊತ್ತು; ಕಾರು ನಿಲ್ಲಿಸಿ 'ಒಂದು ನಿಮಿಷ' ಅಂತ ಇಳಿದರೆ ಊರಿನ ಕಾಂಪೌಂಡು ಗೋಡೆಗಳೆಲ್ಲ ಅವರವೇ. ಈ ಊರಿನಲ್ಲಿ ಗಂಡಸರನ್ನು ತಡೆಯುವುದಕ್ಕೆ ಮೂರು ಧರ್ಮದ ದೇವರುಗಳೂ ಟೈಲ್ಸಿನ ಮೇಲೆ ಕೂತು ಗೋಡೆ ಕಾಯಬೇಕಾಗಿದೆ. ಹೆಂಗಸರ ವಿಷಯದಲ್ಲಿ ದೇವರಿಗೆ ಆ ತೊಂದರೆಯಿಲ್ಲ, ನಂಟರೇ ಸಾಕು.

ನಂಟರು ಅಂದರೆ ಮುಖ್ಯವಾಗಿ ಸರೋಜತ್ತಿಗೆ. ನಮ್ಮ ಯಜಮಾನರ ಅಕ್ಕ, ಅಡ್ಯಾರಿನಲ್ಲಿ ಮನೆ. ಉಪವಾಸಕ್ಕೆ ಹೆಸರಾದವರು. ಸೋಮವಾರ ಶಿವನಿಗೆ, ಶನಿವಾರ ತಿಮ್ಮಪ್ಪನಿಗೆ, ಅಲ್ಲದೆ ಯಾರ ಮನೆಯಲ್ಲಿ ಏನೇ ಶುಭಕಾರ್ಯ ಇರಲಿ ಆ ದಿನವೂ ಉಪವಾಸ. ತೊಟ್ಟು ನೀರು ಮುಟ್ಟುವುದಿಲ್ಲ. ಪಾನಕದ ಲೋಟ ಹಿಡಿದು ಹೋದವರಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಮುಚ್ಚಿ 'ಇವತ್ತು ನಂದು ಉಪವಾಸ' ಅನ್ನುವಾಗ ನಮಗೆಲ್ಲ ನಾವು ಬಕಾಸುರನ ವಂಶದವರೇನೋ ಅನ್ನಿಸಬೇಕು. ಒಂದು ಸಲ ಅವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕಥೆ ನಡೆಯುತ್ತಿರುವಾಗ ನಾನು ಎದ್ದು ಹೋಗಬೇಕಾಯಿತು. ಇನ್ನೂ ಮುಗಿದಿರಲಿಲ್ಲ, ಮತ್ತೊಮ್ಮೆ ಎದ್ದೆ. ವಾಪಸು ಬಂದು ಕೂತಾಗ ಅತ್ತಿಗೆ ನನಗೆ ಹೇಳದೆ ಪಕ್ಕದವರಿಗೆ ಹೇಳಿದರು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ: "ನಮ್ಮನೇಲಿ ಹೆಣ್ಣುಮಕ್ಕಳು ಪೂಜೆಗೆ ಒಂದ್ಸಲ ಕೂತ್ರೆ ಮಂಗಳಾರತಿ ಆಗೋ ತನಕ ಏಳ್ತಿರ್ಲಿಲ್ಲ. ಅದೆಲ್ಲ ಮನಸ್ಸಲ್ಲಿ ಭಕ್ತಿ ಇದ್ರೆ ಬರೋದು." 

ಇಷ್ಟಾಗಿದ್ದರೆ ನುಂಗಿಕೊಂಡು ಇರುತ್ತಿದ್ದೆ. ಮೂವತ್ತು ವರ್ಷದಿಂದ ಅದೇ ಮಾಡಿದ್ದು. ಆದರೆ ನಮ್ಮ ಮಗಳು ಮೇಘನಾಳ ಮದುವೆ ಗೊತ್ತಾಯಿತು. ಹುಡುಗ ತಿರುವೊಟ್ಟಿಯೂರಿನ ಕಡೆಯ ತಮಿಳರವನು, ಒಳ್ಳೆಯವನು. ಅವರ ಶಾಸ್ತ್ರ ಅವರು ಮಾಡಲಿ, ಧಾರೆ ಮಾತ್ರ ನಮ್ಮ ಕಡೆಯ ಹಾಗೆ ಆಗಲಿ ಅಂತ ತೀರ್ಮಾನವಾಯಿತು. ನಮ್ಮ ಕಡೆ ಧಾರೆ ಅಂದರೆ ಸಣ್ಣ ಕೆಲಸವಲ್ಲ. ಹೆಣ್ಣು ಗಂಡಿನ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟು, ತಾಯಿ ಗಿಂಡಿಯಿಂದ ನೀರು ಬಿಡಬೇಕು, ತಂದೆ ಕೈಹಿಡಿದಿರಬೇಕು. ಆಮೇಲೆ ಬಂದ ನಂಟರು ಇಷ್ಟರು ಸಾಲಾಗಿ ನಿಂತು ಒಬ್ಬೊಬ್ಬರೇ ಹಾಲು ಎರೆಯುತ್ತಾರೆ. ಕೆಳಗೆ ಹರಿವಾಣ. ಮುಗಿಯುವ ತನಕ ತಾಯಿತಂದೆ ಅಲ್ಲಿಂದ ಕದಲುವ ಹಾಗಿಲ್ಲ. ನೀರಿನ ಲಾರಿಯ ಸದ್ದಿಗೆ ಓಡುವ ಹೆಂಗಸು ಸುರಿಯುವ ನೀರಿನ ಪಕ್ಕದಲ್ಲಿ ಅಷ್ಟು ಹೊತ್ತು ನಿಲ್ಲಬೇಕು, ಅದೂ ತಾನೇ ಸುರಿಯುತ್ತಾ.

ಅತ್ತಿಗೆ ಇದನ್ನು ನನಗಿಂತ ಮೊದಲೇ ಯೋಚಿಸಿದ್ದರು. ಲಗ್ನಪತ್ರಿಕೆಯ ಮಾತಿಗೆ ಬಂದವರು, ತಮ್ಮನ ಕಡೆ ತಿರುಗಿ, "ಧಾರೆಗೆ ನಾನೂ ನಿಮ್ಮ ಭಾವನೂ ನಿಲ್ತೀವಿ ಬಿಡು. ಸೋದರತ್ತೆ, ಮಾವ ಎರೆದ್ರೆ ಶಾಸ್ತ್ರಕ್ಕೇನೂ ಅಡ್ಡಿಯಿಲ್ಲ. ಇವಳು ನಡುವೆ ಎದ್ದು ಹೋದ್ರೆ ಗಂಡಿನ ಕಡೆಯೋರ ಮುಂದೆ ಚೆನ್ನಾಗಿರತ್ತಾ?" ಅಂದರು. ನಮ್ಮ ಯಜಮಾನರು ಸ್ವಲ್ಪ ಹೊತ್ತಾದರೂ ಯೋಚಿಸುತ್ತಾರೆ ಅಂದುಕೊಂಡೆ. "ಅದೂ ಸರೀನೇ. ವಿಜಯಂಗೂ ಆರಾಮ" ಅಂದುಬಿಟ್ಟರು. ಹೆತ್ತವಳು ನಾನು. ಅವಳಿಗೆ ಜ್ವರ ಬಂದಾಗೆಲ್ಲ ಮಡಿಲಲ್ಲಿ ಹಾಕಿಕೊಂಡು ಕೂತವಳು ನಾನು, ಆಗ ಯಾರೂ ನನ್ನ ಆರಾಮ ವಿಚಾರಿಸಿರಲಿಲ್ಲ. ಒಳಗೆ ಹೋಗಿ ಅತ್ತುಬಿಟ್ಟೆ. ಅಳುವ ನಡುವೆಯೂ ಎದ್ದು ಹೋಗಬೇಕಾಯಿತು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೇಘನಾ ನನ್ನ ಹಿಂದೆಯೇ ಬಂದಳು. ನಾನು ಕನ್ನಡದಲ್ಲಿ ಮಾತಾಡಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು. "ಅಮ್ಮಾ, ಇದುಲ ಎನ್ನಮ್ಮಾ ವೆಕ್ಕಂ? ಡಾಕ್ಟರ್ ಕಿಟ್ಟ ಪೋಲಾಂ ವಾ. ಧಾರೆ ನೀ ದಾನ್ ಎರೀಬೇಕು" ಅಂದಳು. ನಾಚಿಕೆಗೇನಿದೆ, ಡಾಕ್ಟರ ಹತ್ತಿರ ಹೋಗೋಣ ಬಾ ಅಂದದ್ದು ತಮಿಳಿನಲ್ಲಿ. ಧಾರೆ ನೀನೇ ಎರೆಯಬೇಕು ಅಂದದ್ದರಲ್ಲಿ ಮಾತ್ರ ಅವಳಿಗೆ ಗೊತ್ತಿಲ್ಲದೆ ಕನ್ನಡ ಬೆರೆತಿತ್ತು. ಅದಕ್ಕಾಗಿಯೇ ಹೊರಟೆ.

ಅಡ್ಯಾರಿನ ಡಾಕ್ಟರಮ್ಮ ಎಲ್ಲ ಕೇಳಿ, ಪರೀಕ್ಷೆ ಮಾಡಿಸಿ, ಇದಕ್ಕೆ 'ಓವರ್ ಆಕ್ಟಿವ್ ಬ್ಲ್ಯಾಡರ್' ಅನ್ನುತ್ತಾರೆ ಅಂದರು. ಅಂದರೆ ಅತಿ ಚಟುವಟಿಕೆಯ ಮೂತ್ರಕೋಶ. ನನ್ನನ್ನು ಯಾರೂ ಚಟುವಟಿಕೆಯವಳು ಅಂತ ಹೊಗಳಿದ್ದಿಲ್ಲ, ಹೊಗಳಿಕೆ ಬಂದಾಗಲೂ ನನ್ನ ಒಂದು ಅಂಗಕ್ಕೆ ಮಾತ್ರ ಬಂತು. ಮಾತ್ರೆ ಕೊಟ್ಟರು, ಅದು ಬಾಯಿ ಒಣಗಿಸಿತು, ಒಣಗಿದ ಬಾಯಿಗೆ ನೀರು ಕುಡಿದೆ, ಮುಂದಿನದು ನಿಮಗೇ ಗೊತ್ತು. ಆಮೇಲೆ ಅವರು, ಸೂಜಿಯಿಲ್ಲ, ಕತ್ತರಿಯಿಲ್ಲ, ಕಾಲಿನ ನರಕ್ಕೆ ಸಣ್ಣಗೆ ಕರೆಂಟು ಕೊಡುವ ಚಿಕಿತ್ಸೆಯಿದೆ, ನೋಡೋಣವೇ ಅಂದರು. ಕಾಯಿಲೆ ಎಲ್ಲಿ, ಕಾಲೆಲ್ಲಿ ಅಂತ ನಾನು ಬೆರಗಾದೆ. ಪಾದದ ಕೀಲಿನ ಒಳಗಿಣ್ಣಿನ ಹಿಂದೆ ಹಾದುಹೋಗುವ ನರ ಮೇಲೇರಿ ಬೆನ್ನಿನ ಬುಡ ಸೇರುತ್ತದಂತೆ, ಮೂತ್ರಕೋಶಕ್ಕೆ ಅಪ್ಪಣೆ ಹೋಗುವುದೂ ಅಲ್ಲಿಂದಲೇ. ಕೆಳಗಿನಿಂದ ತಟ್ಟುತ್ತಿದ್ದರೆ ಮೇಲಿನ ಗಲಾಟೆ ನಿಧಾನವಾಗಿ ಅಡಗಬಹುದು. ಎಲ್ಲರಿಗೂ ಆಗುತ್ತದೆ ಅಂತಿಲ್ಲ, ಆದವರಿಗೂ ವಾರಗಟ್ಟಲೆ ಬೇಕು ಅಂತಲೂ ಹೇಳಿದರು. ಫಿಸಿಯೋಥೆರಪಿಯ ಹುಡುಗಿ ನನ್ನ ಕಾಲುಗೆಜ್ಜೆ ಬಿಚ್ಚಿಸಿ, ಗಿಣ್ಣಿನ ಮೇಲೊಂದು, ಕೆಳಗೊಂದು ಅಂಟುಪಟ್ಟಿ ಹಚ್ಚಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಯಂತ್ರದ ಗುಂಡಿ ತಿರುಗಿಸುತ್ತ, "ಕಟ್ಟೆ ವಿರಲ್ ಆಡುದಾ ಪಾರುಂಗ ಮೇಡಂ" ಅಂದಳು. ನೋಡಿದೆ. ಹೆಬ್ಬೆರಳು ನನ್ನನ್ನು ಕೇಳದೆ ತಲೆಯಾಡಿಸುತ್ತಿತ್ತು. ಅಂದರೆ ಸರಿಯಾದ ಜಾಗ ಸಿಕ್ಕಿತು ಅಂತ ಅರ್ಥ. ಮನೆಯಲ್ಲಿ ದಿನಾ ಅರ್ಧ ಗಂಟೆ ಹೀಗೆ ಕೂತಿರಿ, ನೀರು ಕುಡಿಯುವುದನ್ನು ಮಾತ್ರ ನಿಲ್ಲಿಸಬೇಡಿ ಅಂತ ಹೇಳಿ ಯಂತ್ರ ಕೊಟ್ಟು ಕಳಿಸಿದರು.

ಮೊದಲ ವಾರವೇ ಎಡವಟ್ಟು. ಶುಕ್ರವಾರ ಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತೆ, ಪಟ್ಟಿ ಅಂಟಲಿಲ್ಲ. ಒತ್ತಿ ಒತ್ತಿ ಹಚ್ಚಿದೆ, ಪಟ್ಟಿಯೇ ಹಳದಿಯಾಯಿತು. ಹಾಗೆ ಸೋಫಾದಲ್ಲಿ ಕಾಲು ಚಾಚಿ ಕೂತಿರುವಾಗ ಪಕ್ಕದ ಫ್ಲ್ಯಾಟಿನ ಸುಮಿತ್ರಮ್ಮ ಬಂದರು. ಹಾಸನದ ಕಡೆಯವರು, ನಾಲಿಗೆ ಉದ್ದ. "ಏನ್ರೀ ಇದು ವೈರು?" ಅಂದರು. ನಿಜ ಹೇಳಲು ನನ್ನ ಹತ್ತಿರ ಮೂರು ಭಾಷೆ ಇತ್ತು, ಒಂದರಲ್ಲೂ ಬಾಯಿ ಬರಲಿಲ್ಲ. "ಮಂಡಿ ನೋವು ಕಣ್ರೀ" ಅಂದೆ. ಪಟ್ಟಿ ಗಿಣ್ಣಿನಲ್ಲಿರುವಾಗ ಮಂಡಿ ಹೇಗೆ ಅಂತ ಅವರು ಕೇಳಲಿಲ್ಲ. ಮಂಡಿ ಅಂದ ಮೇಲೆ ಯಾರೂ ಏನೂ ಕೇಳುವುದಿಲ್ಲ, ತಮ್ಮ ಮಂಡಿಯ ಕಥೆ ಶುರುಮಾಡುತ್ತಾರೆ.

ಆ ಒಂದು ಮಾತು ಬಿಸಿತುಪ್ಪವಾಯಿತು. ಮರುದಿನವೇ ಸುಮಿತ್ರಮ್ಮ ಸೀರೆ ಮೇಲೆತ್ತಿ ಮಂಡಿ ಒಡ್ಡಿದರು. 'ಒಂದಿಷ್ಟು ಹೊತ್ತು ಕೊಡ್ರೀ, ನಿಮ್ಮದೇನು ಸವೆಯತ್ತಾ?' ಅವರಿಗೆ ವಾಸಿಯಾಯಿತಂತೆ. ಅವರಿಂದ ಕೆಳಗಿನ ಮನೆಯ ಮಾಮಿ, ಮಾಮಿಯಿಂದ ಕನ್ನಡ ಸಂಘದ ಭಜನೆಯ ಹೆಂಗಸರು, ಮದುವೆ ಸೀರೆ ನೋಡಲು ಬಂದ ನಂಟರು. ಮನೆಗೆ ಬಂದವರೆಲ್ಲ ಕಾಫಿ ಕುಡಿದು, ಮಂಡಿಗೆ ಕರೆಂಟು ಕೊಡಿಸಿಕೊಂಡು, ಹರಸಿ ಹೋದರು. ನಮ್ಮ ಯಜಮಾನರು, ನಿಜ ಸಂಗತಿ ಗೊತ್ತಿದ್ದವರು, ಭುಜಕ್ಕೆ ಹಾಕಿಕೊಂಡು ಟಿ.ವಿ. ನೋಡಿದರು. ನಾನು ಮಾತ್ರ ಎಲ್ಲರದೂ ಮುಗಿಯಲಿ ಅಂತ ಕಾಯುತ್ತಾ, ನಡುನಡುವೆ ಬಚ್ಚಲಿಗೆ ಓಡುತ್ತಾ ಇದ್ದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ. ನನ್ನದು ಬೇರೆ ಕಾಯಿಲೆ, ಈ ಯಂತ್ರ ನಿಮಗಲ್ಲ ಅಂತ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡುವ ಬದಲು ಹೊಸ ಬ್ಯಾಟರಿ ತಂದೆ.

ಕಡೆಗೆ ಸರೋಜತ್ತಿಗೆಗೂ ಸುದ್ದಿ ಮುಟ್ಟಿತು. ಬಂದರು, ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಂಗೂ ಮಂಡಿ ಹಿಡ್ಕೊಳ್ಳತ್ತೆ ವಿಜಯಾ. ನಾಕು ದಿನ ಇಟ್ಕೊಂಡು ಕೊಡ್ತೀನಿ. ನಿಂದೇನು ಮಂಡಿ ತಾನೆ, ಕಾಯತ್ತೆ" ಅಂತ ಕೈಚೀಲಕ್ಕೆ ಹಾಕಿಕೊಂಡರು. ನಾಲ್ಕು ದಿನ ವಾರಗಳಾದವು. ಫೋನು ಮಾಡಿದರೆ ಉಪವಾಸ, ಪೂಜೆ, ಮಲಗಿದ್ದೇನೆ. ಮದುವೆ ಹತ್ತಿರ ಬಂತು. ನನ್ನ ಧಾರೆಯನ್ನು ಕಿತ್ತುಕೊಳ್ಳಲು ಹೊರಟವರು ಯಂತ್ರವನ್ನೂ ಕಿತ್ತುಕೊಂಡರಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಒಂದು ದಿನ ಕಾಲೇಜಿಗೆ ರಜೆ ಹಾಕಿ, ಹೇಳದೆ ಕೇಳದೆ ಅಡ್ಯಾರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಂಡೆ. ಒಂದು ಕಾಫಿಗೂ ಇಳಿಯಲಿಲ್ಲ.

ಬಾಗಿಲು ತೆಗೆದವಳು ದಿವ್ಯ, ಅತ್ತಿಗೆಯ ಸೊಸೆ. ಮದುವೆಯಾಗಿ ವರ್ಷ ಕಳೆದಿರಬೇಕು, ಮೆತ್ತಗಿನ ಹುಡುಗಿ. "ವಾಂಗ ಅತ್ತೆ, ಅವರು ರೂಮಲ್ಲಿದಾರೆ" ಅಂದಳು. ನಾನು ಮೊದಲು ಬಚ್ಚಲಿಗೆ ಓಡಿ, ಆಮೇಲೆ ಸಿಟ್ಟನ್ನು ಮತ್ತೆ ಮುಖಕ್ಕೆ ತಂದುಕೊಂಡು, ರೂಮಿನ ಬಾಗಿಲು ತಳ್ಳಿದೆ. ಅತ್ತಿಗೆ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಸೀರೆ ಮಂಡಿಯ ಮೇಲೆ ಅಚ್ಚುಕಟ್ಟಾಗಿ ಹಾಸಿತ್ತು. ಕಾಲುಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಪಟ್ಟಿಗಳು ಒಳಗಿಣ್ಣಿನ ಹಿಂದೆ, ಒಂದು ಮೇಲೆ, ಒಂದು ಕೆಳಗೆ ಇದ್ದವು. ಹೆಬ್ಬೆರಳು ತಲೆಯಾಡಿಸುತ್ತಿತ್ತು.

ಊರಿನ ಹೆಂಗಸರೆಲ್ಲ ಮಂಡಿಗೆ ಹಚ್ಚಿಕೊಂಡ ಪಟ್ಟಿಯನ್ನು ಇವರೊಬ್ಬರೇ ಗಿಣ್ಣಿಗೆ ಹಚ್ಚಿದ್ದರು. ಆ ಜಾಗವನ್ನು ಯಾರೂ ತಾನಾಗಿ ಹುಡುಕಿಕೊಳ್ಳುವುದಿಲ್ಲ. ಎದುರಿಗೆ ಕೂತು ಯಾರೋ ತೋರಿಸಿಕೊಟ್ಟಿರಬೇಕು. ತೋರಿಸಿಕೊಡುವವರು ಅಡ್ಯಾರಿನಲ್ಲಿ ಯಾರು ಅಂತ ನನಗೆ ಗೊತ್ತು. ಒಂದು ಕ್ಷಣದಲ್ಲಿ ಅವರ ಸೋಮವಾರ, ಶನಿವಾರ, ಅಡ್ಡ ಹಿಡಿದ ಅಂಗೈ, ಮುಟ್ಟದ ಪಾನಕ, ಮಂಗಳಾರತಿಯ ತನಕ ಕದಲದ ಭಕ್ತಿ ಎಲ್ಲದರ ಗುಟ್ಟು ಬಿಚ್ಚಿಕೊಂಡಿತು. ನನಗೆ ನಗು ಬರಬೇಕಿತ್ತು. ಬಂದದ್ದು ಹೊಟ್ಟೆಯುರಿ. ಎಷ್ಟು ವರ್ಷ ಈ ಹೆಂಗಸು ಬಾಯಿ ಒಣಗಿಸಿಕೊಂಡು ಕೂತಿದ್ದಾರೆ, ಕೂತಲ್ಲಿಂದಲೇ ನನ್ನನ್ನು ಚುಚ್ಚಿದ್ದಾರೆ.

ಅತ್ತಿಗೆ ಸೀರೆಯಂಚನ್ನು ಕೆಳಗೆ ಎಳೆದುಕೊಂಡರು. ತಡವಾಗಿತ್ತು. ಇಬ್ಬರೂ ಆ ಹೆಬ್ಬೆರಳನ್ನೇ ನೋಡುತ್ತಿದ್ದೆವು. ಅದಕ್ಕೆ ನಾಚಿಕೆಯಿರಲಿಲ್ಲ, ಆಡುತ್ತಲೇ ಇತ್ತು.

"ಮಂಡಿ ಹೇಗಿದೆ ಅತ್ತಿಗೆ?" ಅಂದೆ.

"ಪರವಾಗಿಲ್ಲ" ಅಂದರು. ಪಕ್ಕದ ಗೆಜ್ಜೆ ಕೈಗೆತ್ತಿಕೊಂಡು, "ನಿಂದು?"

"ಹಾಗೇ ಇದೆ. ಯಂತ್ರ ಇಲ್ಲವಲ್ಲ."

ಅವರು ಗುಂಡಿ ತಿರುಗಿಸಿ ನಿಲ್ಲಿಸಿದರು. ಪಟ್ಟಿ ಬಿಡಿಸಿ, ವೈರು ಸುತ್ತಿ, ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಬಾಗಿಲವರೆಗೆ ಬಂದಾಗ ಹಿಂದಿನಿಂದ, "ವಿಜಯಾ, ಧಾರೆಗೆ ಅಷ್ಟು ಹೊತ್ತು ನಿಂತಿರೋಕೆ ನನ್ನ ಮಂಡೀಲಿ ಆಗಲ್ಲ ಕಣೆ. ನೀನೇ ನಿಲ್ಲು. ತಮ್ಮಂಗೆ ನಾನೇ ಹೇಳ್ತೀನಿ" ಅಂದರು. ನಾನು "ಆಗಲಿ ಅತ್ತಿಗೆ" ಅಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ದಂಡವಾಯಿತು.

ಮದುವೆಯ ತನಕ ದಿನಾ ಕಾಲು ಚಾಚಿ ಕೂತೆ. ಗುಣ ಇಲ್ಲ ಅನ್ನಲಾರೆ. ಬೀಗಕ್ಕೆ ಕೀಲಿ ತೂರಿಸಿದರೆ ಮೊದಲಿನಷ್ಟು ಹಾಹಾಕಾರ ಇರಲಿಲ್ಲ. ಆದರೆ ನಂಬಿಕೆ ಸಾಲಲಿಲ್ಲ. ಧಾರೆ ಎರೆಯುವವರು ಅದು ಮುಗಿಯುವ ತನಕ ಉಪವಾಸವಿರಬೇಕು ಅಂತ ಶಾಸ್ತ್ರವಿದೆಯಲ್ಲ, ಅದನ್ನು ಹಿಂದಿನ ಸಂಜೆಯಿಂದಲೇ ಹಿಡಿದೆ. ಡಾಕ್ಟರಮ್ಮ ನೀರು ಬಿಡಬೇಡಿ ಅಂದದ್ದು ನೆನಪಿತ್ತು. ನೆನಪನ್ನೂ ನೀರಿನ ಜೊತೆಗೇ ದೂರ ಇಟ್ಟೆ. ಮೇಘನಾ ಬೆಳಗ್ಗೆ ಹಾಲಿನ ಲೋಟ ಹಿಡಿದು ಬಂದಳು. ನಾನು ಅಂಗೈ ಅಡ್ಡ ಹಿಡಿದು "ಇವತ್ತು ನಂದು ಉಪವಾಸ" ಅಂದೆ. ಕಣ್ಣು ಮುಚ್ಚಿದ್ದೆನೋ ಏನೋ, ಗೊತ್ತಿಲ್ಲ.

ಧಾರೆ ಎರೆದೆ. ಗಿಂಡಿಯ ನೀರು ಬೀಳುವಾಗ ಒಳಗೆ ಏನೋ ಎದ್ದು ಕೂತಿತು, ಹಲ್ಲು ಕಚ್ಚಿ ನಿಂತೆ, ಅದೂ ಮಲಗಿತು. ಹಾಲಿನ ಸಾಲು ಬೆಳೆಯುತ್ತಲೇ ಹೋಯಿತು. ಆ ಹೊತ್ತಿನಲ್ಲಿ ಮಗಳ ಮುಖ ಹೇಗಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಹೊಟ್ಟೆಯ ಕೆಳಗಿನ ಸಮಾಚಾರಕ್ಕೆ ಕಿವಿಗೊಟ್ಟು ನಿಂತಿದ್ದೆ. ಅವಳ ಮುಖವನ್ನು ಆಮೇಲೆ ಫೋಟೋದಲ್ಲಿ ನೋಡಿದೆ. ಅತ್ತಿದ್ದಳು. ಅಷ್ಟು ಹೋರಾಡಿ ಗಳಿಸಿಕೊಂಡದ್ದನ್ನು ನಾನು ಫೋಟೋಗ್ರಾಫರನ ಕಣ್ಣಿನಿಂದ ನೋಡಬೇಕಾಯಿತು. ಇದಕ್ಕೆ ಯಾವ ನರಕ್ಕೆ ಕರೆಂಟು ಕೊಡಬೇಕೋ ನನಗೆ ತಿಳಿಯದು. ನಡುವೆ ಮುಂದಿನ ಸಾಲಿನಿಂದ ಸರೋಜತ್ತಿಗೆ ಥಟ್ಟನೆ ಎದ್ದು ಹಿಂದಕ್ಕೆ ನಡೆದರು. ಹಾಲು ಸುರಿಯುವ ಸದ್ದಿಗೆ ಅವರ ಉಪವಾಸವೂ ಸೋತಿರಬೇಕು. ಯಾರೋ ತಿರುಗಿ ನೋಡಿದರು. "ಪಾಪ, ಅವರಿಗೆ ಮಂಡಿ ನೋವು" ಅಂದೆ ನಾನು, ಗಿಂಡಿ ಹಿಡಿದುಕೊಂಡೇ.

ಅಂದಿನಿಂದ ಯಂತ್ರ ನಮ್ಮಿಬ್ಬರದು. ಒಂದು ತಿಂಗಳು ಅಡ್ಯಾರಿನಲ್ಲಿ, ಒಂದು ತಿಂಗಳು ಕ್ರೋಂಪೇಟೆಯಲ್ಲಿ. ಕೊಡುವಾಗ ತೆಗೆದುಕೊಳ್ಳುವಾಗ ಮಂಡಿಯ ವಿಚಾರ ಬಹಳ ಮಾತಾಡುತ್ತೇವೆ: ಮೆಟ್ಟಿಲು, ಚಳಿ, ಎಣ್ಣೆ. ಇಬ್ಬರ ಮಂಡಿಯೂ ಗುಂಡುಕಲ್ಲಿನ ಹಾಗಿದೆ. ಸುಮಿತ್ರಮ್ಮನಿಗೆ ಯಂತ್ರ ಕೆಟ್ಟುಹೋಯಿತು ಅಂತ ಹೇಳಿಯಾಗಿದೆ. ನಂಟರಲ್ಲಿ ಈಗ ನನಗೆ ಸ್ವಲ್ಪ ಹೆಸರು ಬಂದಿದೆ, ವಿಜಯ ಬಹಳ ನಿಷ್ಠೆಯವಳು, ಕಾರ್ಯದ ದಿನ ತೊಟ್ಟು ನೀರು ಮುಟ್ಟುವುದಿಲ್ಲ ಅಂತ.

ಹೊಸ ದಂಪತಿಗಾಗಿ ಅತ್ತಿಗೆಯ ಮನೆಯಲ್ಲಿ ಮತ್ತೆ ಸತ್ಯನಾರಾಯಣ ಪೂಜೆಯಾಯಿತು. ಅತ್ತಿಗೆ, ನಾನು ಅಕ್ಕಪಕ್ಕ ಕೂತಿದ್ದೆವು, ಇಬ್ಬರದೂ ಉಪವಾಸ. ಕಥೆಯ ನಡುವೆ ದಿವ್ಯ ಎದ್ದು ಹೋದಳು. ಬಂದು ಕೂತಳು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. ಎಲ್ಲರೂ ನೋಡಿದರು. ಅತ್ತಿಗೆ ಏನಾದರೂ ಅನ್ನುತ್ತಾರೆ ಅಂತ ಕಾದೆ, ಅವರು ಅನ್ನಲಿಲ್ಲ. ಅಂದವಳು ನಾನು. "ನಮ್ಮ ಕಾಲದಲ್ಲಿ ಒಂದ್ಸಲ ಕೂತ್ರೆ ಮಂಗಳಾರತಿ ತನಕ ಏಳ್ತಿರ್ಲಿಲ್ಲ" ಅಂದೆ, ಪಕ್ಕದವರಿಗೆ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಮಾತು ಅಷ್ಟು ಸಲೀಸಾಗಿ ಬಂತು.

ದಿವ್ಯ ವಾಪಸು ಬಂದು ನನ್ನ ಹಿಂದೆ ಕೂತು, ನನ್ನ ಕಿವಿಯ ಹತ್ತಿರ ಬಾಗಿದಳು. "ಸಾರಿ ಅತ್ತೆ. ಮಂಡಿ ಹಿಡ್ಕೊಂಡ್ತು" ಅಂದಳು.

ದಿನಾ ಸಂಜೆ ಶಟ್ಲ್ ಆಡುವ ಹುಡುಗಿ. "ಪಾಪ, ಈ ವಯಸ್ಸಿಗೇ" ಅಂದೆ. ಅತ್ತಿಗೆ ದೇವರ ಪಟದ ಕಡೆಗೇ ನೋಡುತ್ತಿದ್ದರು. ಪೂಜೆಯಾದ ಮೇಲೆ ಅವಳನ್ನು ಒಳಗೆ ಕರೆದು, ಯಂತ್ರ ಕೊಟ್ಟು, ಪಟ್ಟಿ ಎಲ್ಲಿ ಹಚ್ಚಬೇಕು ಅಂತ ತೋರಿಸಬಹುದಿತ್ತು. ತೋರಿಸಲಿಲ್ಲ. ಈ ತಿಂಗಳು ನನ್ನ ಸರದಿ.